ಸಭಾಂಗಣ ತುಂಬಿಸುತ್ತಿದ್ದ ನಮ್ಮ ಮಾವ

ಮಾವನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ನಾಚಿಕೆ, ಆಮೇಲೆ ಸಿಟ್ಟು. ಪ್ರೀತಿಯೂ ಬರುತ್ತದೆ, ಬರದೆ ಎಲ್ಲಿಗೆ ಹೋದೀತು, ಎತ್ತಿ ಆಡಿಸಿದವನು. ಆ ಸಲಿಗೆಯಿಂದಲೇ ಅವನನ್ನು ಈಗಲೂ ಏಕವಚನದಲ್ಲಿ ಕರೆಯುತ್ತೇನೆ. ಇಲ್ಲಿಯೂ ಹಾಗೇ ಬರೆಯುತ್ತೇನೆ, ಓದುವವರು ಹುಬ್ಬೇರಿಸಬೇಡಿ.

ಅವನು ನನ್ನ ಅಮ್ಮನ ಅಣ್ಣ. ಅವರ ಅಪ್ಪ ಅಮ್ಮ ಇಬ್ಬರೂ ಬೇಗ ಹೋದದ್ದರಿಂದ ತಂಗಿಯನ್ನು ಸಾಕಿ, ಓದಿಸಿ, ಮದುವೆ ಮಾಡಿಕೊಟ್ಟ. ತಾನು ಮದುವೆಯಾಗಲು ಮರೆತೇಬಿಟ್ಟ. ನನ್ನಪ್ಪ ತೀರಿಕೊಂಡ ಮೇಲೆ ಟ್ರಂಕು ಹೊತ್ತುಕೊಂಡು ನಮ್ಮ ಮನೆಗೆ ಬಂದವನು ಮುಂದಿನ ಕೋಣೆಯಲ್ಲಿ ಮಂಚ ಹಾಕಿಕೊಂಡು ಅಲ್ಲೇ ನೆಲೆಯಾದ.

ಅವನ ಕೆಲಸ ವೈದ್ಯರ ಸಂಘದ ಸಭಾಂಗಣ ನೋಡಿಕೊಳ್ಳುವುದು. ಕುರ್ಚಿ ಒರೆಸಬೇಕು, ಮೈಕು ಸರಿ ಇದೆಯೇ ನೋಡಬೇಕು, ಮಾತಾಡುವವರ ಪಕ್ಕದಲ್ಲಿ ನೀರಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸದಸ್ಯರಲ್ಲದವರನ್ನು ಒಳಗೆ ಬಿಡಬಾರದು. ಆ ಸಂಘದಲ್ಲಿ ವೈದ್ಯರು ತಮ್ಮ ಸಂಶೋಧನೆ ಇನ್ನೂ ಹಸಿಬಿಸಿ ಇರುವಾಗಲೇ ತಂದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಅಲ್ಲಿ ಕೇಳಿದ್ದನ್ನು ಹೊರಗೆ ಬಾಯಿಬಿಡಬಾರದು ಎಂಬುದು ಸದಸ್ಯರ ನಿಯಮ. ಹಾಗಾಗಿ ಬಾಗಿಲು ಕಾಯುವುದು ತಮಾಷೆಯ ಮಾತಲ್ಲ. ಔಷಧ ಕಂಪನಿಯ ಪ್ರತಿನಿಧಿಗಳು ಹಲ್ಲು ಕಿರಿದರೂ, ಪತ್ರಕರ್ತರು ಕಣ್ಣು ಕೆಂಪಗೆ ಮಾಡಿದರೂ ಮಾವ ಜಪ್ಪಯ್ಯ ಅಂದರೂ ಅಲುಗಾಡುತ್ತಿರಲಿಲ್ಲ. ಸಂಘದವರು ಅವನಿಗೆ ಚಿಲಕ ಎಂದು ಹೆಸರಿಟ್ಟಿದ್ದರು. ಆ ಹೆಸರು ಕೇಳಿದರೆ ಅವನ ಎದೆ ಉಬ್ಬುತ್ತಿತ್ತು. ಮನೆಗೆ ಬಂದ ನೆಂಟರ ಮುಂದೆ ತಾನೇ ಅದನ್ನು ಎತ್ತಿ ಹೇಳಿಕೊಳ್ಳುತ್ತಿದ್ದ.

ಆದರೆ ಈ ಚಿಲಕಕ್ಕೆ ಇನ್ನೊಂದು ಚಾಳಿ ಇತ್ತು. ಖಾಲಿ ಕುರ್ಚಿ ಕಂಡರೆ ಆಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರು ಮುದುಕ ವಿಜ್ಞಾನಿ ಮಾತಾಡಲು ಬಂದರಂತೆ. ಬಂದವರು ಬೆರಳೆಣಿಕೆಯಷ್ಟು ಜನ. ಅವರು ವೇದಿಕೆ ಹತ್ತಿ, ಖಾಲಿ ಸಾಲುಗಳನ್ನು ನೋಡಿ, "ನಾನು ದಿನ ತಪ್ಪಿ ಬಂದೆನೇನೋ" ಅಂದರಂತೆ. ದಿನ ತಪ್ಪಿರಲಿಲ್ಲ. ಆ ಮುಖ ನೋಡಿದ ಮೇಲೆ ಮಾವ ಮನಸ್ಸಿನಲ್ಲೇ ಒಂದು ನಿರ್ಧಾರ ಮಾಡಿದ, ತನ್ನ ಸಭಾಂಗಣದಲ್ಲಿ ಇನ್ನು ಯಾರೂ ಖಾಲಿ ಕುರ್ಚಿಗೆ ಮಾತಾಡಕೂಡದು ಅಂತ.

ಅಲ್ಲಿಂದಾಚೆಗೆ ಅವನದೇ ಒಂದು ಪದ್ಧತಿ ಶುರುವಾಯಿತು. ಸಭೆ ಶುರುವಾಗುವ ಸ್ವಲ್ಪ ಮುಂಚೆ ಪರದೆಯ ಸಂದಿಯಿಂದ ಇಣುಕುವನು. ಮುಂದಿನ ಸಾಲುಗಳು ಖಾಲಿ ಕಂಡರೆ ಹಿಂಬಾಗಿಲಿನಿಂದ ಬೀದಿ ದಾಟಿ ಎದುರಿನ ಹೊಲಿಗೆ ಕಾರ್ಖಾನೆಗೆ ಓಡುವನು. ಅಲ್ಲಿ ಅಮ್ಮ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದ ಹೆಂಗಸರನ್ನು, ಇಸ್ತ್ರಿ ಮಾಡುವವರನ್ನು ಒಟ್ಟು ಮಾಡಿ, ತಲೆ ಬಾಚಿಸಿ, ದಾರ ಕೊಡವಿಸಿ ಕರೆತಂದು ಕೂರಿಸುವನು. ಅವರಿಗೆ ಪಾಠ ಬೇರೆ. ಕೆಮ್ಮಬಾರದು, ಪಿಸುಗುಟ್ಟಬಾರದು, ಮಾತಾಡುವವರು ನಿಮ್ಮ ಕಡೆ ನೋಡಿದರೆ ತಲೆ ಆಡಿಸಬೇಕು, ಡಾಕ್ಟರುಗಳು ಶುರುಮಾಡಿದ ಮೇಲಷ್ಟೇ ಚಪ್ಪಾಳೆ. ಕೊನೆಯಲ್ಲಿ ಟೀ ಬಿಸ್ಕತ್ತು ಉಂಟು. ಇಸ್ತ್ರಿಯವನೊಬ್ಬ ಕೂತಲ್ಲೇ ಗೊರಕೆ ಹೊಡೆದನೆಂದು ಅವನಿಗೆ ಆಜೀವ ನಿಷೇಧ ಹಾಕಿದ್ದ ಪುಣ್ಯಾತ್ಮ.

ಇದೆಂಥ ಚಿಲಕ ಮಾವ ನೀನು, ಮುಂಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲಿನಿಂದ ಊರನ್ನೇ ತುಂಬ್ತೀಯಲ್ಲ ಎಂದು ನಾನು ರೇಗಿಸುತ್ತಿದ್ದೆ. ಅವನಿಗೆ ಅದರಲ್ಲಿ ಏನೂ ತಪ್ಪು ಕಾಣುತ್ತಿರಲಿಲ್ಲ. ನುಗ್ಗಲು ಬರುವವರನ್ನು ತಡೆಯುವುದು ಬಾಗಿಲು ಕಾಯುವ ಕೆಲಸ. ತಾನೇ ಕರೆತಂದವರು ಸಭೆಯ ಏರ್ಪಾಡು, ಮೇಜಿನ ಮೇಲಿನ ಹೂವಿದ್ದ ಹಾಗೆ. ಅವರು ಏನು ಕೇಳಿಸಿಕೊಂಡರು, ಏನು ಅರ್ಥಮಾಡಿಕೊಂಡರು ಎಂದು ಅವನು ಯಾವತ್ತೂ ಯೋಚಿಸಿದವನಲ್ಲ.

ಸಂಘದ ಸದಸ್ಯೆ, ಕ್ಯಾನ್ಸರಿನ ಸಂಶೋಧನೆ ಮಾಡುತ್ತಿದ್ದ ಪ್ರೊಫೆಸರ್ ಮೇಡಂ ಮಾತಾಡಿದ ಸಂಜೆಯೂ ಹೀಗೇ ಆಯಿತು. ಅದೇ ಹೊತ್ತಿಗೆ ಹೊಸ ಆಸ್ಪತ್ರೆಯೊಂದರ ಉದ್ಘಾಟನೆ, ಜೊತೆಗೆ ಭರ್ಜರಿ ಊಟ. ಡಾಕ್ಟರಾದರೇನು, ಹೊಟ್ಟೆ ಎಲ್ಲರಿಗೂ ಒಂದೇ, ಸದಸ್ಯರಲ್ಲಿ ಮುಕ್ಕಾಲು ಪಾಲು ಅಲ್ಲಿಗೆ ಹೋದರು. ಮೇಡಂ ಆಗಿನ್ನೂ ಅಷ್ಟು ಹೆಸರು ಮಾಡಿರಲಿಲ್ಲ. ಮಾವ ಪರದೆಯಿಂದ ಇಣುಕಿದ, ಓಡಿದ, ಕರೆತಂದ. ಮುಂದಿನ ಸಾಲಿನ ನಡುಮಧ್ಯದಲ್ಲಿ ಅಮ್ಮನನ್ನು ಕೂರಿಸಿದ.

ಅಮ್ಮ ಮನೆಗೆ ಬಂದು ತರಕಾರಿ ಹೆಚ್ಚುತ್ತಾ ನನಗೆ ಎಲ್ಲ ಹೇಳಿದಳು. ನಮ್ಮ ಮೈಯಲ್ಲಿ ಕಾವಲು ಕಾಯುವ ಕಣಗಳಿರುತ್ತವಂತೆ. ಕ್ಯಾನ್ಸರಿನ ಗಡ್ಡೆ ಅವಕ್ಕೆ ಏನೋ ಸನ್ನೆ ಮಾಡಿ ಮಲಗಿಸಿಬಿಡುತ್ತದಂತೆ. ಆ ಸನ್ನೆಯನ್ನು ತಡೆದು, ಕಾವಲಿನವರನ್ನು ಎಬ್ಬಿಸಿ ಗಡ್ಡೆಯ ಮೇಲೆ ಛೂ ಬಿಡುವ ಔಷಧವನ್ನು ಮೇಡಂ ಕಂಡುಹಿಡಿದಿದ್ದರು. ಅದು ಏನು, ಹೇಗೆ ಮಾಡುವುದು, ರೋಗಿಗೆ ಎಷ್ಟು ಕೊಡುವುದು, ಎಲ್ಲವನ್ನೂ ಅವತ್ತು ಪರದೆಯ ಮೇಲೆ ತೋರಿಸಿದರಂತೆ. ನನ್ನನ್ನೇ ನೋಡ್ಕೊಂಡು ಹೇಳಿದ್ರು ಕಣೇ ಅಂತ ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ. ತಲೆ ಆಡಿಸಿ ಆಡಿಸಿ ಕುತ್ತಿಗೆ ನೋವು ಬಂದಿತ್ತು.

ಅದಾಗಿ ಕೆಲವು ತಿಂಗಳಿಗೆ ಮೇಡಂ ಮತ್ತು ಅವರ ಸಂಸ್ಥೆ ಆ ಔಷಧಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ದೊಡ್ಡ ಕಂಪನಿಯೊಂದು ಅದನ್ನು ಕೊಂಡಿತು. ಔಷಧ ಮಾರುಕಟ್ಟೆಗೆ ಬಂತು, ಮೇಡಂ ದೊಡ್ಡ ಮನುಷ್ಯರಾದರು. ಅವರ ಚಿತ್ರ ಎಲ್ಲಿ ಕಂಡರೂ ಅಮ್ಮ, ಇವರ ಭಾಷಣ ನಾನು ಕೇಳಿದ್ದೀನಿ ಅನ್ನುವಳು.

ವರ್ಷಗಳು ಕಳೆದವು. ಮಾವ ನಿವೃತ್ತನಾದ, ಹೊಲಿಗೆ ಕಾರ್ಖಾನೆ ಮುಚ್ಚಿತು, ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸಕ್ಕೆ ಸೇರಿದೆ. ಅಮ್ಮನಿಗೆ ಕೆಮ್ಮು ಶುರುವಾಯಿತು. ಶ್ವಾಸಕೋಶದಲ್ಲಿ ಗಡ್ಡೆ ಅಂದರು. ಆಸ್ಪತ್ರೆಯ ಡಾಕ್ಟರು ಔಷಧದ ಹೆಸರು ಹೇಳಿದಾಗ ಅಮ್ಮ ಆ ಸ್ಥಿತಿಯಲ್ಲೂ ನಕ್ಕಳು. ಅಯ್ಯೋ, ಇದು ನಮ್ಮ ಮೇಡಂದು!

ಡ್ರಿಪ್ ಹಾಕಿಸಿದೆವು. ಗಡ್ಡೆ ಕುಗ್ಗಿತು, ನಿಜವಾಗಿಯೂ ಕುಗ್ಗಿತು. ಅಮ್ಮ ಎದ್ದು ಓಡಾಡಿದಳು. ಅಷ್ಟರಲ್ಲಿ ನಮ್ಮ ಶಕ್ತಿ ಮುಗಿಯಿತು. ಆ ಬೆಲೆ ನಮ್ಮಂಥವರು ಬಾಯಲ್ಲಿ ಹೇಳುವಂಥದ್ದೂ ಅಲ್ಲ. ಡ್ರಿಪ್ ನಿಂತ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಒಂದು ವಿಷಯ ಹೇಳಿದರು. ಇದೇ ಔಷಧವನ್ನು ಒಂದು ಸಣ್ಣ ಕಂಪನಿ ತಯಾರು ಮಾಡಿ ಇಟ್ಟುಕೊಂಡಿದೆ. ನಮ್ಮ ಕೈಗೆ ಎಟುಕುವ ಬೆಲೆಗೆ ಕೊಡುತ್ತದೆ. ಅಡ್ಡ ಇರುವುದು ಪೇಟೆಂಟ್. ಅದು ಊರ್ಜಿತವಲ್ಲ ಎಂದು ಆ ಸಣ್ಣ ಕಂಪನಿ ದಾವೆ ಹಾಕಿದೆ. ಅದು ಗೆದ್ದ ವಾರವೇ ಅಮ್ಮನಿಗೆ ಮತ್ತೆ ಶುರು ಮಾಡಬಹುದು.

ಆ ಸಣ್ಣ ಕಂಪನಿಯ ವಕೀಲೆ ಒಂದು ಬೆಳಿಗ್ಗೆ ನಮ್ಮ ಮನೆಗೇ ಬಂದರು, ಮಾವನನ್ನು ಹುಡುಕಿಕೊಂಡು. ಹೊಸದು ಎಂದು ಹಕ್ಕು ಕೇಳುವವರು ಅರ್ಜಿ ಹಾಕುವ ಮುಂಚೆ ಅದನ್ನು ಹೊರಗಿನವರ ಮುಂದೆ ಬಿಚ್ಚಿಟ್ಟಿರಬಾರದು, ಇದು ಕಾನೂನು ಎಂದು ನಮಗೆ ತಿಳಿಸಿ ಹೇಳಿದರು. ಮೇಡಂ ಅವತ್ತು ಎಲ್ಲವನ್ನೂ ಹೇಳಿದ್ದು ಎರಡೂ ಕಡೆಯವರು ಒಪ್ಪಿದ್ದರು. ಜಗಳ ಇದ್ದದ್ದು ಒಂದೇ ವಿಷಯಕ್ಕೆ. ಕೇಳಿದವರೆಲ್ಲ ಬಾಯಿಬಿಡದ ನಿಯಮಕ್ಕೆ ಕಟ್ಟುಬಿದ್ದ ಸದಸ್ಯರೇ ಆಗಿದ್ದರೆ ಪೇಟೆಂಟ್ ಉಳಿಯುತ್ತದೆ. ಸದಸ್ಯನಲ್ಲದ ಒಬ್ಬನೇ ಒಬ್ಬ ಕೂತು ಕೇಳಿದ್ದರೂ ಬೀಳುತ್ತದೆ. ಹಳೆಯ ಡಾಕ್ಟರೊಬ್ಬರಿಗೆ ಗುರುತಿಲ್ಲದ ಮುಖಗಳನ್ನು ಕಂಡ ಮಸುಕು ನೆನಪಿತ್ತು, ಅಷ್ಟೇ.

ಮಾವ ಸಭಾಂಗಣ ತುಂಬಿಸಿದ್ದನ್ನು ಹೇಳಿದ, ಸ್ವಲ್ಪ ತಡವರಿಸಿಯೇ ಹೇಳಿದ. ಅಮ್ಮ, ನಾನೇ ಬಂದು ಹೇಳ್ತೀನಿ, ಮುಂದೆ ಕೂತಿದ್ದವಳು ನಾನು ಅಂದಳು. ವಕೀಲೆ ಬೇಡವೆಂದರು. ರೋಗಿ ಬಂದರೆ ಔಷಧದ ಆಸೆಗೆ ಹೇಳುತ್ತಿದ್ದಾಳೆ ಅಂತಾರೆ, ಬಾಗಿಲಲ್ಲಿ ನಿಂತವರ ಮಾತಿನ ಕಡೆ ಯಾರೂ ಬೊಟ್ಟು ಮಾಡಿ ತೋರಿಸಲಾರರು, ಅವರೊಬ್ಬರು ಸಾಕು ಎಂದರು. ನಾವು ನಂಬಿದೆವು. ಅಮ್ಮ ಮಾವನ ಅಂಗಿಗೆ ತಾನೇ ಇಸ್ತ್ರಿ ಹಾಕಿದಳು, ನಡುವೆ ಮೂರು ಸಲ ಕೂತು ಸುಧಾರಿಸಿಕೊಂಡು.

ವಿಚಾರಣೆಯ ಕೋಣೆ ಅಷ್ಟೇನೂ ದೊಡ್ಡದಲ್ಲ. ಎತ್ತರದ ಮೇಜಿನ ಹಿಂದೆ ಮೂವರು ಪೀಠದವರು, ಎರಡು ಕಡೆ ವಕೀಲರು, ಹಿಂದೆ ನಮ್ಮಂಥವರಿಗೆ ಬೆಂಚು. ಮೇಡಂ ಬಂದಿದ್ದರು. ಕೈಯಲ್ಲಿ ಊರುಗೋಲು, ತಲೆ ಪೂರ್ತಿ ಬೆಳ್ಳಗೆ. ಮಾವನನ್ನು ಕಂಡದ್ದೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡು, ನಿಮ್ಮ ಮಂಡಿ ನೋವು ಹೇಗಿದೆ ಅಂತ ಕೇಳಿದರು. ಇಷ್ಟು ವರ್ಷದ ಮೇಲೆ ಮಂಡಿ ನೋವನ್ನು ನೆನಪಿಟ್ಟುಕೊಂಡಿದ್ದರು. ಮಾವ ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡ.

ದೊಡ್ಡ ಕಂಪನಿಯ ವಕೀಲರು ಮೊದಲು ಮೇಡಂ ಕೊಟ್ಟ ಹೇಳಿಕೆಯನ್ನು ಓದಿದರು. ಆ ಬಾಗಿಲಲ್ಲಿ ಅವರಿದ್ದರು ಎಂದರೆ ನನಗೆ ಬೇರೆ ಭರವಸೆ ಬೇಕಿರಲಿಲ್ಲ ಎಂದು ಅದರಲ್ಲಿ ಮಾವನ ಬಗ್ಗೆ ಇತ್ತು. ನನ್ನ ಜೀವನದಲ್ಲಿ ಅಷ್ಟು ತುಂಬಿದ ಸಭೆಯನ್ನು, ಅಷ್ಟು ಕಿವಿಗೊಟ್ಟು ಕೇಳಿದ ಜನರನ್ನು ನಾನು ಮತ್ತೆ ಕಾಣಲಿಲ್ಲ, ಮುಂದೆ ಕೆಲಸ ಮಾಡುವ ಧೈರ್ಯ ಬಂದದ್ದು ಆ ಸಂಜೆ, ಎಂದೂ ಇತ್ತು. ಮೇಡಂ ತಲೆ ತಗ್ಗಿಸಿ ಮುಗುಳ್ನಗುತ್ತಿದ್ದರು.

ಆಮೇಲೆ ನಮ್ಮ ಕಡೆಯ ವಕೀಲೆ ಎದ್ದು ನೇರವಾಗಿ ಕೇಳಿದರು. ಆ ಸಂಜೆ ಸದಸ್ಯರಲ್ಲದವರು ಯಾರಾದರೂ ಒಳಗೆ ಕೂತಿದ್ದರೇ?

ಮಾವ ಮೇಡಂ ಕಡೆ ನೋಡಿದ. ಪೀಠದವರೊಬ್ಬರು ಕೆಮ್ಮಿದರು.

"ಇಲ್ಲ ಸ್ವಾಮಿ," ಅಂದ. "ಸದಸ್ಯರು ಬಿಟ್ರೆ ಒಂದು ನೊಣಾನೂ ಇರ್ಲಿಲ್ಲ."

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ವಕೀಲೆ ತಿರುಗಿ ನನ್ನ ಮುಖ ನೋಡಿದರು, ನಾನು ನನ್ನ ಚಪ್ಪಲಿ ನೋಡಿಕೊಂಡೆ. ಅವರು ಮತ್ತೆ ಎರಡು ಮೂರು ಬಗೆಯಲ್ಲಿ ತಿರುಗಿಸಿ ಕೇಳಿದರು. ಮಾವ ಒಂದೇ ಪಟ್ಟು ಹಿಡಿದ, ಇಲ್ಲ ಅಂದರೆ ಇಲ್ಲ. ಚಿಲಕ ಅಂತ ನನ್ನ ಸುಮ್ನೆ ಕರೀತಿದ್ರಾ ಎಂದು ಬೇರೆ ಹೇಳಿದ. ಕೋಣೆಯಲ್ಲಿ ನಾಲ್ಕು ಜನ ಮೆಲ್ಲಗೆ ನಕ್ಕರು. ಅವರೊಂದಿಗೆ ಅವನೂ ನಕ್ಕ, ಅದನ್ನು ನೆನೆದರೆ ಈಗಲೂ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಬಸ್ಸಿನಲ್ಲಿ ನಾನು ಅವನ ಪಕ್ಕ ಕೂರಲಿಲ್ಲ. ಇಳಿದ ಮೇಲೆ ಅವನೇ ಹಿಂದೆ ಹಿಂದೆ ಬಂದು ಸಮಜಾಯಿಷಿ ಕೊಟ್ಟ. ಅಷ್ಟು ದೊಡ್ಡವರು, ಆ ಸಂಜೆಯನ್ನು ಎದೆಯಲ್ಲಿಟ್ಟುಕೊಂಡು ಬದುಕಿದ್ದಾರೆ, ಅವರೆದುರಿಗೆ ನಿಂತು, ಬಂದಿದ್ದು ಹತ್ತು ಜನ, ಉಳಿದೋರು ಟೀ ಬಿಸ್ಕತ್ತಿಗೆ ಬಂದ ಹೊಲಿಗೆಯವರು ಅಂತ ಹೇಗೆ ಹೇಳಲಿ? ಅವರ ಮುಖ ನೋಡಿ ಬಾಯೇ ಬರಲಿಲ್ಲ ಅಂದ.

"ಈಗ ಅಮ್ಮನ ಮುಖ ನೋಡಿ ಏನು ಹೇಳ್ತೀಯ, ಅದನ್ನ ಯೋಚನೆ ಮಾಡು," ಅಂದೆ. ಮೇಡಂ ಮರ್ಯಾದೆಯ ಹೆಸರು ಹೇಳುತ್ತಿದ್ದನಾದರೂ ಅವನು ಉಳಿಸಿಕೊಂಡದ್ದು ತನ್ನ ಮರ್ಯಾದೆ. ಚಿಲಕ ಎಂದು ಹೆಸರಿಟ್ಟವರ ಮುಂದೆ ನಿಂತು, ನಾನೇ ಹಿಂಬಾಗಿಲು ತೆಗೆದೆ ಎನ್ನಲು ಅವನಿಗೆ ನಾಚಿಕೆಯಾಯಿತು. ಅಷ್ಟೇ ವಿಷಯ.

ಅಮ್ಮ ದಿಂಬಿಗೆ ಒರಗಿ ದಾರಿ ಕಾಯುತ್ತಿದ್ದಳು. ಮಾವ ಹೊಸ್ತಿಲಲ್ಲೇ ನಿಂತು ಹೇಳಿದ. ಅಮ್ಮ ಬಯ್ಯಲಿಲ್ಲ, ಅಳಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ, ಮೇಡಂ ಚೆನ್ನಾಗಿದ್ದಾರಾ ಅಂತ ಕೇಳಿದಳು.

ಮರುದಿನ ವಕೀಲೆ ಫೋನು ಮಾಡಿದರು. ಈಗ ಅಮ್ಮನನ್ನೇ ಕರೆತನ್ನಿ, ಬೇರೆ ದಾರಿಯಿಲ್ಲ. ಕಾರ್ಖಾನೆಯ ಹಳೆಯ ಹೆಂಗಸರಲ್ಲಿ ಒಬ್ಬಾಕೆ ಮಾತ್ರ ಅವರಿಗೆ ಸಿಕ್ಕಿದ್ದಳು. ಆ ಸಭೆಗಳಿಗೆ ಎಷ್ಟೋ ಸಲ ಹೋಗಿದ್ದೆ, ಯಾವತ್ತು ಯಾರು ಏನು ಮಾತಾಡಿದರೋ ಯಾರಿಗೆ ಗೊತ್ತು ಅಂದಿದ್ದಳು. ಅಮ್ಮ ಫೋನು ಕೈಗೆ ತೆಗೆದುಕೊಂಡು, ನನಗೂ ಏನೂ ನೆನಪಿಲ್ಲ ತಾಯಿ ಎಂದು ಇಟ್ಟುಬಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಜೀವಕ್ಕಿಂತ ಅವನ ಹೆಸರು ದೊಡ್ಡದಾ ಎಂದು ಪಕ್ಕದ ಕೋಣೆಗೆ ಕೇಳಲಿ ಎಂದೇ ಕೂಗಿದೆ.

"ನನ್ನ ಸಾಕಿದೋನು ಸುಳ್ಳುಗಾರ ಅಂತ ನಾನೇ ಹೋಗಿ ಹೇಳ್ಲೇನೇ?" ಅಂದಳು ಅಮ್ಮ. "ಅವನೇ ಹೋಗು ಅಂದ್ರೆ ಬೇರೆ ಮಾತು."

ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಬರುತ್ತಾನೆ ಅಂದುಕೊಂಡೆ. ಬಾಗಿಲ ತನಕ ಬಂದ ನಿಜ. ಹೋಗು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ ಕಣಮ್ಮಾ, ನಿನ್ನಿಷ್ಟ ಅಂದ. ಅಂದು ಒಳಗೆ ಹೋದ. ಕೋರ್ಟಿನಲ್ಲಿ ಹೇಳಿದ ಸುಳ್ಳನ್ನಾದರೂ ಕ್ಷಮಿಸಿಯೇನು, ಈ ಮಾತನ್ನು ಕ್ಷಮಿಸಲು ನನ್ನಿಂದ ಇನ್ನೂ ಆಗಿಲ್ಲ.

ಆಮೇಲೆ ಅವನು ಮನೆಯಲ್ಲಿ ಆಳಿನ ಹಾಗೆ ದುಡಿಯತೊಡಗಿದ. ಅಮ್ಮನ ಬಟ್ಟೆ ಒಗೆದ, ಗಂಜಿ ಕುಡಿಸಿದ, ಬೆನ್ನು ಒರೆಸಿದ, ಬಚ್ಚಲಿಗೆ ಎತ್ತಿಕೊಂಡು ಹೋದ. ಸಂಘದ ಕಡೆ ತಲೆ ಹಾಕುವುದನ್ನು ಬಿಟ್ಟ. ದಾವೆ ಏನಾಯಿತು ಎಂದು ಅಕ್ಕಪಕ್ಕದವರು ಕೇಳಿದರೆ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ಹೋಗುವನು. ಊಟಕ್ಕೆ ನಮ್ಮ ಜೊತೆ ಕೂರುತ್ತಿರಲಿಲ್ಲ. ಕರೆಯಲು ನನಗೂ ಮನಸ್ಸು ಬರಲಿಲ್ಲ. ಅಮ್ಮನ ಉಸಿರು ದಿನದಿನಕ್ಕೆ ಗಿಡ್ಡವಾಗುತ್ತಾ ಬಂತು.

ಒಂದು ಬೆಳಿಗ್ಗೆ ಅವನನ್ನು ಕರೆಯದೆ ಅಮ್ಮ ತಾನೇ ಎದ್ದು ಬಚ್ಚಲಿಗೆ ಹೊರಟಳು. ನಡುಮನೆಯಲ್ಲೇ ಉಸಿರು ಸಾಲದೆ ನೆಲಕ್ಕೆ ಕೂತಳು. ಎತ್ತಲು ಹೋದ ಮಾವನಿಗೆ ತಡಿ ಎಂದು ಕೈ ಅಡ್ಡ ಹಿಡಿದಳು, ಮಾತಾಡಲು ಆಗಲಿಲ್ಲ. ಮಾವ ಅವಳ ಎದುರಿಗೆ ನೆಲದ ಮೇಲೆ ಕೂತು ಅವಳು ಉಸಿರು ಎಳೆಯುವುದನ್ನೇ ನೋಡಿದ. ಅವಳನ್ನು ಮಲಗಿಸಿ, ಅಂಗಿ ಹಾಕಿಕೊಂಡು, ನನ್ನ ಹತ್ತಿರ ವಕೀಲೆಯ ವಿಳಾಸ ಕೇಳಿದ.

ಸಾಕ್ಷಿಗಳ ಅವಧಿ ಮುಗಿದಿತ್ತು. ವಕೀಲೆ ಕಾಡಿ ಬೇಡಿದ್ದಕ್ಕೆ ಪೀಠದವರು ಮಾವನನ್ನು ಮಾತ್ರ ಇನ್ನೊಮ್ಮೆ ಕೇಳಲು ಒಪ್ಪಿದರು, ಹೊಸ ಸಾಕ್ಷಿ ಬೇಡವೆಂದರು. ಅದೇ ಕೋಣೆ, ಅದೇ ಮೇಡಂ. ಈ ಸಲ ಮಾವ ಯಾರ ಮುಖವನ್ನೂ ನೋಡದೆ ಎಲ್ಲವನ್ನೂ ಹೇಳಿದ. ಪರದೆಯಿಂದ ಇಣುಕಿದ್ದು, ಬೀದಿ ದಾಟಿದ್ದು, ತಲೆ ಆಡಿಸಲು ಕಲಿಸಿದ್ದು. ನಾನು ಅವತ್ತು ಸುಳ್ಳು ಹೇಳಿದೆ, ನನಗೆ ನಾಚಿಕೆಯಾಯ್ತು ಸ್ವಾಮಿ, ಅದಕ್ಕೇ ಹೇಳಿದೆ ಅಂದ. ಅವನ ಬಗ್ಗೆ ಹೆಮ್ಮೆ ಪಡಲು ನನಗೂ ಒಂದು ಗಳಿಗೆ ಸಿಕ್ಕಿತು.

ಆಗ ದೊಡ್ಡ ಕಂಪನಿಯ ವಕೀಲರು ಎದ್ದರು. ಬೆಣ್ಣೆಯಂಥ ಮಾತು. ಮುಂದಿನ ಸಾಲಿನಲ್ಲಿ ಯಾರಿದ್ದರು ಅಂದಿರಿ? ನನ್ನ ತಂಗಿ. ಅವರಿಗೆ ಈಗ ಆರೋಗ್ಯ ಹೇಗಿದೆ? ಮಾವ ಹೇಳಿದ. ಅವರಿಗೆ ಬೇಕಾದ ಔಷಧ ಯಾವುದು? ಅದನ್ನೂ ಹೇಳಿದ.

"ಪೇಟೆಂಟ್ ಬಿದ್ದರೆ ತಂಗಿ ಉಳಿಯುತ್ತಾರೆ, ಅಲ್ಲವೇ?" ಎಂದು ಅವರು ತುಂಬ ಮರ್ಯಾದೆಯಿಂದ ಕೇಳಿದರು. "ನಿಮ್ಮ ಜಾಗದಲ್ಲಿ ನಾನಿದ್ದರೂ ಹೀಗೇ ಹೇಳುತ್ತಿದ್ದೆ."

ಮಾವ ಮೇಡಂ ಕಡೆ ತಿರುಗಿದ. ಅವತ್ತು ಯಾರ್ಯಾರು ಕೂತಿದ್ದರು ಎಂದು ಪೀಠದವರು ಮೇಡಂರನ್ನು ಕೇಳಿದರು. ತುಂಬಿದ ಸಭೆ ನೆನಪಿದೆ, ಒಬ್ಬೊಬ್ಬರ ಮುಖ ನೆನಪಿಲ್ಲ ಎಂದರು ಅವರು. ಅವರು ಹೇಳಿದ್ದು ನಿಜವೇ ಇರಬೇಕು, ಅವರ ಮೇಲೆ ನನಗೆ ದೂರಿಲ್ಲ.

ತೀರ್ಪು ಬಂದ ದಿನ ವಕೀಲೆ ತಾವೇ ಮನೆಗೆ ಬಂದು ತಿಳಿಸಿದರು. ಬಾಗಿಲು ಕಾಯುತ್ತಿದ್ದವರ ಮೊದಲ ಹೇಳಿಕೆ ಸಹಜವಾಗಿದೆ, ನಂಬಬಹುದು. ಎರಡನೆಯದು ತಂಗಿಯ ಮೇಲಿನ ಮಮತೆಯಿಂದ ಬಂದದ್ದು, ಅದಕ್ಕೆ ಬೆಲೆ ಕೊಡಲಾಗದು. ಪೇಟೆಂಟ್ ಊರ್ಜಿತ. ಮೇಲ್ಮನವಿಗೆ ಹೋಗುತ್ತೇವೆ, ಅದಕ್ಕೆ ವರ್ಷಗಳೇ ಬೇಕು ಎನ್ನುತ್ತಾ ಅವರು ಅಮ್ಮನ ಕಡೆ ನೋಡಿ ಅರ್ಧಕ್ಕೇ ನಿಲ್ಲಿಸಿದರು.

ಅವರು ಹೋದ ಮೇಲೆ ಮಾವ ಅಮ್ಮನ ಮಂಚದ ಕಾಲ ಬಳಿ ಕೂತ. ನಾನು ನಿಜಾನೇ ಹೇಳ್ದೆ ಕಣಮ್ಮಾ, ಎಲ್ಲಾ ಹೇಳ್ದೆ ಎಂದು ಮಗುವಿನ ಹಾಗೆ ಹೇಳಿದ್ದನ್ನೇ ಹೇಳಿದ. ಅಮ್ಮ ಅವನ ತಲೆಯ ಮೇಲೆ ಕೈ ಇಟ್ಟಳು.

"ಗೊತ್ತು ಅಣ್ಣಾ," ಅಂದಳು. ಉಸಿರು ಎಳೆದುಕೊಂಡು, "ಅವತ್ತೇ ಹೇಳಿದ್ರೆ ನಂಬ್ತಿದ್ರು," ಅಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

ಅಮ್ಮ ಹೋದಾಗ ಸಂಘದ ಹಳಬರು ನಾಲ್ಕೈದು ಜನ ಬಂದರು, ಮೇಡಂ ಕೂಡ ಊರುಗೋಲು ಊರಿಕೊಂಡು ಬಂದರು. ಮಾವನ ಪಕ್ಕ ಕೂತು, ನಿಮ್ಮ ಮೇಲೆ ನನಗೆ ಸ್ವಲ್ಪವೂ ಬೇಸರವಿಲ್ಲ, ಒಡಹುಟ್ಟಿದವಳಿಗೋಸ್ಕರ ಯಾರಾದರೂ ಒಂದು ಸುಳ್ಳು ಹೇಳುತ್ತಾರೆ ಎಂದು ಸಮಾಧಾನ ಹೇಳಿದರು. ಮಾವ, ಅಲ್ಲ ಮೇಡಂ, ಎರಡನೇ ಸಲ ಹೇಳಿದ್ದೇ ನಿಜ ಅಂದ. ಮೇಡಂ ಅವನ ಕೈ ತಟ್ಟಿ, ಆಯ್ತು ಬಿಡಿ, ಆಯ್ತು ಬಿಡಿ ಅಂದರು. ಬಂದವರೆಲ್ಲ ಅವನನ್ನು ಕರುಣೆಯಿಂದ ನೋಡಿದರು. ಅವನು ಮತ್ತೆ ಹೇಳಲು ಹೋಗಲಿಲ್ಲ. ಎದ್ದು ಅವರಿಗೆಲ್ಲ ಕುರ್ಚಿ ಸಾಲದೆಂದು ಪಕ್ಕದ ಮನೆಯಿಂದ ಕೇಳಿ ತರಲು ಹೋದ.